ಕಣ ವೇಗವರ್ಧನಾ ಸಂಶೋಧನೆಗಾಗಿ ಅತ್ಯುಚ್ಚ ಸಾಮರ್ಥ್ಯದ ಲೇಸರ್‌ಗಳು: ಸ್ಥಾಪನೆ, ಪರೀಕ್ಷೆ ಮತ್ತು ಕಾರ್ಯಾರಂಭ

ಪೀಠಿಕೆ

ಪರಮಾಣುವಿನ ಒಳರಚನೆಯನ್ನು ಅರಿಯುವುದರಿಂದ ಮೊದಲ್ಗೊಂಡು ಕ್ಯಾನ್ಸರ್ ರೋಗದ ವಿಕಿರಣ ಚಿಕಿತ್ಸೆಯವರೆಗೆ ಕಣ ವೇಗವರ್ಧಕ ಯಂತ್ರಗಳು ಅನೇಕ ಕ್ಷೇತ್ರಗಳಲ್ಲಿ ಬಳಕೆಯಲ್ಲಿವೆ. ಈ ಯಂತ್ರಗಳ ಗಾತ್ರ ಮತ್ತು ವೆಚ್ಚ ಬಹಳ ದೊಡ್ಡದು. ಇಂದೂರಿನಲ್ಲಿರುವ ಇಂಡಸ್-2 ಯಂತ್ರವು ಎಲೆಕ್ಟ್ರಾನುಗಳಿಗೆ 250 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯನ್ನು ನೀಡುತ್ತದೆ. ಅದರ ಉಂಗುರದ ಸುತ್ತಳತೆ ಸುಮಾರು 172 ಮೀಟರ್. ಲೋಹದ ಕೋಶಗಳಲ್ಲಿ ವಿದ್ಯುತ್ ಕ್ಷೇತ್ರವನ್ನು ಒಂದು ಮಿತಿಗಿಂತ ಹೆಚ್ಚಿಸಿದರೆ ಕಿಡಿ ಹಾರಿ ಗೋಡೆಗೆ ಹಾನಿಯಾಗುವುದರಿಂದ ಇಂತಹ ಯಂತ್ರಗಳನ್ನು ಬಹಳ ಚಿಕ್ಕದಾಗಿಸಲು ಸಾಧ್ಯವಿಲ್ಲ. ಈ ಮಿತಿಯನ್ನು ದಾಟುವ ಮಾರ್ಗಗಳಲ್ಲಿ ಲೇಸರ್ ಪ್ಲಾಸ್ಮಾ ವೇಗವರ್ಧನೆ ಪ್ರಮುಖವಾದುದು.

ಮೂಲತತ್ತ್ವ

ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ದೋಣಿ ಸಾಗುವಾಗ ಅದರ ಹಿಂದೆ ಅಲೆಗಳು ಏಳುವುದನ್ನು ಬೀಳಗಿ ತಾಲ್ಲೂಕಿನ ಜನರು ಕಂಡಿರುತ್ತಾರೆ. ಅದೇ ರೀತಿ, ತೀವ್ರವಾದ ಲೇಸರ್ ಸ್ಪಂದವು ಪ್ಲಾಸ್ಮಾದೊಳಗೆ ಹಾದುಹೋದಾಗ ಎಲೆಕ್ಟ್ರಾನುಗಳನ್ನು ಬದಿಗೆ ತಳ್ಳುತ್ತದೆ. ಅದರ ಬೆನ್ನ ಹಿಂದೆ ವಿದ್ಯುತ್ ಕ್ಷೇತ್ರದ ಅಲೆ ಏಳುತ್ತದೆ. ಈ ಅಲೆಯ ಮೇಲೇರಿದ ಎಲೆಕ್ಟ್ರಾನುಗಳು ಕೆಲವೇ ಸೆಂಟಿಮೀಟರ್ ದೂರದಲ್ಲಿ ಅಪಾರ ವೇಗ ಪಡೆಯುತ್ತವೆ. ಪ್ಲಾಸ್ಮಾ ಈಗಾಗಲೇ ಅಯಾನೀಕೃತವಾಗಿರುವುದರಿಂದ ಕಿಡಿ ಹಾರಿ ಕೆಡುವ ಗೋಡೆಯ ಭಯ ಇಲ್ಲಿಲ್ಲ.

ಈ ವಿಚಾರವನ್ನು 1979ರಲ್ಲಿ ತೊಶಿಕಿ ತಜಿಮಾ ಮತ್ತು ಜಾನ್ ಡಾಸನ್ ಮಂಡಿಸಿದರು. ಅದಕ್ಕೆ ಬೇಕಾದ ಲೇಸರ್ ಆಗ ಇರಲಿಲ್ಲ. 1985ರಲ್ಲಿ ಡೊನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮುರೂ ಅವರು ಸ್ಪಂದವನ್ನು ಮೊದಲು ಕಾಲದಲ್ಲಿ ಹಿಗ್ಗಿಸಿ, ನಂತರ ವರ್ಧಿಸಿ, ಕೊನೆಯಲ್ಲಿ ಮತ್ತೆ ಕುಗ್ಗಿಸುವ ವಿಧಾನವನ್ನು ತೋರಿಸಿದರು. ಇದಕ್ಕಾಗಿ ಅವರಿಗೆ 2018ರ ಭೌತಶಾಸ್ತ್ರ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ಅಮೆರಿಕದ ಬರ್ಕ್ಲಿ ಪ್ರಯೋಗಾಲಯದಲ್ಲಿ 2014ರಲ್ಲಿ 9 ಸೆಂ.ಮೀ. ಉದ್ದದ ನಳಿಕೆಯಲ್ಲಿ 420 ಕೋಟಿ, 2019ರಲ್ಲಿ 20 ಸೆಂ.ಮೀ. ನಳಿಕೆಯಲ್ಲಿ 780 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯನ್ನು ಸಾಧಿಸಲಾಯಿತು.

ಸಾಮರ್ಥ್ಯ ಎಂದರೇನು?

ಶಕ್ತಿಯನ್ನು ಕಾಲದಿಂದ ಭಾಗಿಸಿದರೆ ಸಾಮರ್ಥ್ಯ ದೊರೆಯುತ್ತದೆ. 150 ಟೆರಾವ್ಯಾಟ್ ಸಾಮರ್ಥ್ಯದ, 25 ಫೆಮ್ಟೊಸೆಕೆಂಡ್ ಅವಧಿಯ ಸ್ಪಂದದಲ್ಲಿರುವ ಶಕ್ತಿ ಕೇವಲ 3.75 ಜೂಲ್. ಸುಮಾರು 380 ಗ್ರಾಂ ತೂಕದ ವಸ್ತುವನ್ನು 1 ಮೀಟರ್ ಮೇಲೆತ್ತಲು ಇಷ್ಟೇ ಶಕ್ತಿ ಸಾಕು. ಆದರೆ 25 ಫೆಮ್ಟೊಸೆಕೆಂಡಿನಲ್ಲಿ ಬೆಳಕು ಸಹ ಕ್ರಮಿಸುವ ದೂರ 7.5 ಮೈಕ್ರೋಮೀಟರ್ ಮಾತ್ರ. ಅಷ್ಟು ಅಲ್ಪ ಕಾಲದಲ್ಲಿ ಶಕ್ತಿ ಹೊರಬೀಳುವುದರಿಂದಲೇ ಸಾಮರ್ಥ್ಯ ಇಷ್ಟು ಹೆಚ್ಚು. ಸ್ಪಂದದ ಅವಧಿ 50 ಫೆಮ್ಟೊಸೆಕೆಂಡಿಗೆ ಹಿಗ್ಗಿದರೆ ಸಾಮರ್ಥ್ಯ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಶಕ್ತಿಯೊಂದನ್ನೇ ಅಳೆದು ಯಂತ್ರವನ್ನು ಒಪ್ಪಿಕೊಳ್ಳುವಂತಿಲ್ಲ.

ಕಾರ್ಯಾರಂಭದ ಹಂತಗಳು

1. ಕಟ್ಟಡ: ಕಂಪನರಹಿತ ನೆಲ, ಸ್ಥಿರ ತಾಪಮಾನ ಮತ್ತು ಧೂಳುರಹಿತ ಕೊಠಡಿ ಅವಶ್ಯಕ. ಕನ್ನಡಿಯ ಮೇಲೆ ಕುಳಿತ ಒಂದು ಧೂಳಿನ ಕಣವೂ ಅಲ್ಲಿ ಸುಟ್ಟ ಗುರುತನ್ನು ಉಂಟುಮಾಡಿ ಅದನ್ನು ನಿರುಪಯುಕ್ತಗೊಳಿಸಬಲ್ಲದು.

2. ಕಡಿಮೆ ಶಕ್ತಿಯಲ್ಲಿ ಜೋಡಣೆ: ಎಲ್ಲ ಕನ್ನಡಿಗಳನ್ನೂ ಮೊದಲು ಮಂದ ಕಿರಣದಲ್ಲಿ ಸರಿಹೊಂದಿಸಿ, ನಂತರ ಒಂದೊಂದೇ ವರ್ಧಕವನ್ನು ಚಾಲನೆಗೊಳಿಸಿ ಶಕ್ತಿಯನ್ನು ಹಂತಹಂತವಾಗಿ ಏರಿಸಲಾಗುತ್ತದೆ.

3. ಸ್ಪಂದ ಕುಗ್ಗಿಸುವಿಕೆ: ಈ ಕಾರ್ಯ ನಿರ್ವಾತ ಕೋಣೆಯಲ್ಲಿ ನಡೆಯುತ್ತದೆ. ಕುಗ್ಗಿದ ಸ್ಪಂದವು ಗಾಳಿಯಲ್ಲಿ ಸಾಗಿದರೆ ಗಾಳಿಯೇ ಕಿರಣವನ್ನು ಕೆಡಿಸುತ್ತದೆ.

4. ಅವಧಿ ಮತ್ತು ಸ್ವಚ್ಛತೆಯ ಪರೀಕ್ಷೆ: ಮುಖ್ಯ ಸ್ಪಂದಕ್ಕೆ ಮುಂಚೆ ಸೋರುವ ಬೆಳಕನ್ನು ಅಳೆಯಲಾಗುತ್ತದೆ. ನಾಭಿಯಲ್ಲಿ ತೀವ್ರತೆ ಅತ್ಯಧಿಕವಾಗಿರುವುದರಿಂದ, ಮುಖ್ಯ ಸ್ಪಂದದ ನೂರು ಕೋಟಿಯಲ್ಲೊಂದು ಪಾಲಿನ ಸೋರಿಕೆಯೂ ಘನ ಗುರಿಯನ್ನು ಮೊದಲೇ ಹಾಳುಮಾಡಬಹುದು.

5. ನಾಭಿಯ ಪರೀಕ್ಷೆ: ಆಕಾರ ಬದಲಿಸಬಲ್ಲ ಕನ್ನಡಿಯಿಂದ ಬೆಳಕಿನ ಅಲೆಮುಖವನ್ನು ತಿದ್ದಿ, ಕಿರಣವನ್ನು ಕಿರಿದಾದ ಬಿಂದುವಿಗೆ ತರಲಾಗುತ್ತದೆ.

6. ಕಣಗಳ ಪರೀಕ್ಷೆ: ಅನಿಲದ ಮೇಲೆ ಸ್ಪಂದವನ್ನು ಹಾಯಿಸಿ, ಹೊರಬಂದ ಎಲೆಕ್ಟ್ರಾನುಗಳನ್ನು ಅಯಸ್ಕಾಂತದಿಂದ ಬಾಗಿಸಿ, ಅವು ಪರದೆಯ ಮೇಲೆ ಬಿದ್ದ ಸ್ಥಾನದಿಂದ ಶಕ್ತಿಯನ್ನು ಗಣಿಸಲಾಗುತ್ತದೆ. ಒಂದು ಬಾರಿಯ ಯಶಸ್ಸು ಸಾಲದು. ಸ್ಪಂದದಿಂದ ಸ್ಪಂದಕ್ಕೆ ಅದೇ ಫಲಿತಾಂಶ ಬರಬೇಕು. ಚಿಕಿತ್ಸೆಯಂತಹ ಉಪಯೋಗಗಳಿಗೆ ಈ ಸ್ಥಿರತೆಯೇ ಇಂದಿಗೂ ದೊಡ್ಡ ಸವಾಲಾಗಿದೆ.

ಸುರಕ್ಷತೆ

ಇಂತಹ ಅನೇಕ ಲೇಸರ್‌ಗಳ ಬೆಳಕು ಸುಮಾರು 800 ನ್ಯಾನೋಮೀಟರ್ ತರಂಗಾಂತರದ್ದಾಗಿದ್ದು, ಕಣ್ಣಿಗೆ ಕಾಣುವುದು ಅತ್ಯಲ್ಪ. ಚದುರಿದ ಕಿರಣವೂ ದೃಷ್ಟಿಗೆ ಶಾಶ್ವತ ಹಾನಿ ಉಂಟುಮಾಡಬಲ್ಲದು. ಆದ್ದರಿಂದ ತಕ್ಕ ರಕ್ಷಣಾ ಕನ್ನಡಕವಿಲ್ಲದೆ ಪ್ರವೇಶಿಸತಕ್ಕದ್ದಲ್ಲ. ವೇಗ ಪಡೆದ ಎಲೆಕ್ಟ್ರಾನುಗಳಿಂದ ಎಕ್ಸ್ ಕಿರಣ ಹೊಮ್ಮುವುದರಿಂದ ಗುರಿಕೋಣೆಯ ಸುತ್ತ ವಿಕಿರಣ ತಡೆಗೋಡೆ ಇರಬೇಕು. ಬಾಗಿಲು ತೆರೆದೊಡನೆ ಕಿರಣ ನಿಲ್ಲುವ ವ್ಯವಸ್ಥೆಯೂ ಇರಬೇಕು. ಇದನ್ನು ಮೊದಲ ಪೂರ್ಣ ಸಾಮರ್ಥ್ಯದ ಸ್ಪಂದಕ್ಕೆ ಮುಂಚೆಯೇ ಪರೀಕ್ಷಿಸುವುದು ಅಗತ್ಯ.

ಭಾರತದಲ್ಲಿ ಮತ್ತು ಕನ್ನಡ ನಾಡಿನ ನಂಟು

ಭಾರತದಲ್ಲಿ ಈ ಸಂಶೋಧನೆಯ ಪ್ರಮುಖ ಕೇಂದ್ರ ಇಂದೂರಿನ ರಾಜಾ ರಾಮಣ್ಣ ಪ್ರಗತ ತಂತ್ರಜ್ಞಾನ ಕೇಂದ್ರ. 1984ರಲ್ಲಿ ಶಂಕುಸ್ಥಾಪನೆಯಾದ ಈ ಸಂಸ್ಥೆಗೆ 2005ರಲ್ಲಿ ಇಂದಿನ ಹೆಸರನ್ನು ಇಡಲಾಯಿತು. ಡಾ. ರಾಜಾ ರಾಮಣ್ಣ ಅವರು 1925ರಲ್ಲಿ ತುಮಕೂರು ಜಿಲ್ಲೆಯಲ್ಲಿ ಜನಿಸಿದ ಭೌತವಿಜ್ಞಾನಿ. ಇಲ್ಲಿ 10 ಟೆರಾವ್ಯಾಟ್ ಹಾಗೂ ತರುವಾಯ 150 ಟೆರಾವ್ಯಾಟ್ ಲೇಸರ್‌ಗಳನ್ನು ಬಳಸಿ ಎಲೆಕ್ಟ್ರಾನ್ ವೇಗವರ್ಧನೆಯ ಪ್ರಯೋಗಗಳನ್ನು ಕೈಗೊಳ್ಳಲಾಗಿದೆ. ರೊಮೇನಿಯಾದ ಮಗುರೆಲೆಯಲ್ಲಿ 2019ರಲ್ಲಿ 10 ಪೆಟಾವ್ಯಾಟ್ ಸಾಮರ್ಥ್ಯವನ್ನು ಸಾಧಿಸಲಾಯಿತು.

ವಿದ್ಯಾರ್ಥಿಗಳ ಗಮನಕ್ಕೆ

ಬಾಡಗಂಡಿ, ಬೀಳಗಿ, ಜಮಖಂಡಿ, ಮುಧೋಳ ಹಾಗೂ ರಬಕವಿ-ಬನಹಟ್ಟಿ ಭಾಗದ ವಿದ್ಯಾರ್ಥಿಗಳು ಈ ಕ್ಷೇತ್ರವನ್ನು ದೂರದ ವಿಷಯವೆಂದು ಭಾವಿಸಬೇಕಾಗಿಲ್ಲ. ಪದವಿಪೂರ್ವ ಹಂತದ ಭೌತಶಾಸ್ತ್ರ ಮತ್ತು ಗಣಿತವೇ ಇದರ ಅಡಿಪಾಯ. ಇಂದೂರಿನ ಕೇಂದ್ರವು ಹೋಮಿ ಭಾಭಾ ರಾಷ್ಟ್ರೀಯ ಸಂಸ್ಥೆಯ ಘಟಕ ಸಂಸ್ಥೆಯಾಗಿದ್ದು, ಅಲ್ಲಿ ಪಿಎಚ್.ಡಿ. ಸಂಶೋಧನೆಗೆ ಅವಕಾಶವಿದೆ. ನಿರ್ವಾತ ಪಂಪು, ವಿದ್ಯುನ್ಮಾನ ಉಪಕರಣ ಮತ್ತು ಸೂಕ್ಷ್ಮ ಯಾಂತ್ರಿಕ ಜೋಡಣೆಯನ್ನು ಬಲ್ಲ ಡಿಪ್ಲೊಮಾ ಹಾಗೂ ಐ.ಟಿ.ಐ. ಪಡೆದವರಿಲ್ಲದೆ ಇಂತಹ ಯಾವುದೇ ಯಂತ್ರ ಕಾರ್ಯಾರಂಭ ಮಾಡಲಾರದು ಎಂಬುದನ್ನೂ ಗಮನಿಸತಕ್ಕದ್ದು.