ಹೊರರಾಜ್ಯದ ಲೆಕ್ಕ: ಕಾಸರಗೋಡಿನ ಸಣ್ಣ ಅಂಗಡಿ ಮತ್ತು ಲೆಕ್ಕ ಬರೆಸುವ ಖರ್ಚು

ಕಾಸರಗೋಡಿನವಳು ಮಾತಾಡ್ತಾಳೆ ಅಂದ ಕೂಡಲೇ ಮಹಾಜನ ವರದಿ, ಕನ್ನಡ ಶಾಲೆ, ಮಂಜೇಶ್ವರದ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ಇವೆಲ್ಲ ಬರುತ್ತವೆ ಅಂತ ನೀವು ಕಾಯುತ್ತಿರಬಹುದು. ಅವು ಮುಖ್ಯವೇ. ಆದರೆ ನಾನು ಇವತ್ತು ಅಂಗಡಿ ಲೆಕ್ಕದ ಬಗ್ಗೆ ಮಾತಾಡುತ್ತೇನೆ. ಸಣ್ಣ ವ್ಯಾಪಾರಿಯೊಬ್ಬ ತನ್ನ ಲೆಕ್ಕ ಬರೆಸಲಿಕ್ಕೆ ಎಷ್ಟು ಖರ್ಚು ಮಾಡಬೇಕು, ಗಡಿ ಬಂದ ಮೇಲೆ ಆ ಖರ್ಚು ಏನಾಯಿತು ಅಂತ. ಸಾಹಿತ್ಯ ಓದುವವಳಿಗೆ ಇದು ಯಾಕೆ ಅಂತ ನಮ್ಮ ತರಗತಿಯಲ್ಲೇ ಕೇಳಿದರು. ಉತ್ತರ ನಮ್ಮ ಮನೆಯ ಅಟ್ಟದಲ್ಲಿ ಉಂಟು.

ಅಜ್ಜನದು ಬದಿಯಡ್ಕದಿಂದ ಮೇಲೆ ಒಂದು ಹಳ್ಳಿಯಲ್ಲಿ ದಿನಸಿ ಅಂಗಡಿ, ಜೊತೆಗೆ ಅಡಿಕೆ ವ್ಯಾಪಾರ. ಸುತ್ತಲಿನ ತೋಟದವರಿಂದ ಅಡಿಕೆ ಕೊಂಡು ಮಂಗಳೂರಿನ ಬಂದರಿಗೆ ಕಳಿಸುವುದು. ಅವರ ಹನ್ನೊಂದು ಕೀರ್ದಿ ಪುಸ್ತಕಗಳು ಪೆಟ್ಟಿಗೆಯಲ್ಲಿ ಉಳಿದಿವೆ. ಕೀರ್ದಿ ಅಂದರೆ ದಿನದ ಲೆಕ್ಕ. ಅದರಿಂದ ಎತ್ತಿ ಒಬ್ಬೊಬ್ಬರ ಹೆಸರಲ್ಲಿ ಬರೆಯುವುದು ಖಾತೆ. ಎಡಕ್ಕೆ ಜಮೆ, ಬಲಕ್ಕೆ ಖರ್ಚು, ಅಡಿಯಲ್ಲಿ ಶಿಲ್ಕು. ಕೀರ್ದಿ, ಜಮೆ, ಖರ್ಚು, ಬಾಕಿ ಎಲ್ಲ ಪಾರ್ಸಿ, ಅರಬ್ಬಿ ಮೂಲದಿಂದ ಮರಾಠಿ, ದಖನಿಗಳ ದಾರಿಯಲ್ಲಿ ಬಂದ ಶಬ್ದಗಳು. ಹಾಗಿದ್ದರೂ ಅಜ್ಜನಿಗೆ ಅವು ಪರಭಾಷೆ ಅಂತ ಯಾವತ್ತೂ ಅನ್ನಿಸಿರಲಿಕ್ಕಿಲ್ಲ. ಪಕ್ಕದ ಮಲಯಾಳಿ ಅಂಗಡಿಯವರದ್ದು ನಾಳ್‌ವಳಿ ಮತ್ತು ಪೇರೇಡು. ಪುಸ್ತಕ ಎರಡು ಭಾಷೆಯದು, ಪದ್ಧತಿ ಒಂದೇ.

ಇದಕ್ಕೂ ಹಿಂದೆ ಕಡತ ಇತ್ತು. ಬಟ್ಟೆಗೆ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಚಿ, ಬಳಪದಿಂದ ಬರೆಯುವ ಕಪ್ಪು ಪುಸ್ತಕ. 1810ರಲ್ಲಿ ಮೊದಲ ಸಂಪುಟ ಬಂದ ಮೈಸೂರು ಇತಿಹಾಸದಲ್ಲಿ ಮಾರ್ಕ್ ವಿಲ್ಕ್ಸ್ ಇದನ್ನು ವಿವರವಾಗಿ ವರ್ಣಿಸಿದ್ದಾನೆ, ವ್ಯಾಪಾರಿಗಳೂ ಅಂಗಡಿಯವರೂ ಇದನ್ನು ಬಳಸುತ್ತಾರೆ ಅಂತಲೂ ಹೇಳಿದ್ದಾನೆ. ಅದಕ್ಕಿಂತ ಹತ್ತು ವರ್ಷ ಮೊದಲು ಕೆನರಾದ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಕಂದಾಯ ನಿಗದಿ ಮಾಡಲು ಶಾನುಭೋಗರ ಇಂಥ ಕಪ್ಪು ಪುಸ್ತಕಗಳನ್ನೇ ತೆರೆಸಬೇಕಾಯಿತು. ನಮ್ಮ ಕಾಸರಗೋಡೂ ಆಗ ಅದೇ ಕೆನರಾದಲ್ಲಿ ಇತ್ತು. ನನಗೆ ಇಲ್ಲಿ ಆಸಕ್ತಿ ಇರುವುದು ಒಂದು ಸಣ್ಣ ಸಂಗತಿಯಲ್ಲಿ: ಕಂಪೆನಿಯ ದೊರೆ ಲೆಕ್ಕ ಓದಲಿಕ್ಕೆ ಬರೆದವನ ಹತ್ತಿರ ಬರಬೇಕಿತ್ತು. ಓದಿಸುವ ಖರ್ಚು ಕೇಳಿದವನದು, ಅಂದರೆ ಸರಕಾರದ್ದು. ಇದು ತಿರುಗಿ ನಿಂತದ್ದು ಯಾವಾಗ ಅನ್ನುವುದೇ ನನ್ನ ಪ್ರಶ್ನೆ.

ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಇದು ಬೇಗ ತಿರುಗಿತು ಅಂತ ನನಗೆ ಕಾಣುತ್ತದೆ. ಅಲ್ಲಿ ಮನೆಯಲ್ಲಿ ಕನ್ನಡ ಆಡುವ ಅಂಗಡಿಯವರ ವಹಿವಾಟೂ ಮೋಡಿ ಲಿಪಿಯಲ್ಲಿ ನಡೆಯುತ್ತಿತ್ತು. ಮೋಡಿ ಬಾರದಿದ್ದರೆ ಬಂದವನನ್ನು ಇಟ್ಟುಕೊಳ್ಳಬೇಕು. (ಬಸವಣ್ಣ ಬಿಜ್ಜಳನ ಕರಣಿಕನಾಗಿದ್ದ ಮಂಗಳವೇಡೆ ಈಗ ಸೊಲ್ಲಾಪುರ ಜಿಲ್ಲೆಯಲ್ಲೇ ಇರುವುದು. ಅಲ್ಲಿನ ಗೆಳೆಯರು ಇದನ್ನು ಇನ್ನೂ ಯಾಕೆ ಬರೆದಿಲ್ಲ ಅಂತ ನನಗೆ ಹೊಟ್ಟೆಕಿಚ್ಚು ಕೂಡ ಉಂಟು.) ಕಾಸರಗೋಡಿನಲ್ಲಿ ಹಾಗಲ್ಲ. ಇಲ್ಲಿ ಆಡುವ ಮಾತು ತುಳುವೋ ಮಲಯಾಳವೋ ಕೊಂಕಣಿಯೋ ಹವ್ಯಕವೋ ಆಗಿರಬಹುದು, ಬರೆಯುವ ಲೆಕ್ಕ ಬಹಳಷ್ಟು ಕಡೆ ಕನ್ನಡದ್ದೇ ಆಗಿತ್ತು. ಅಜ್ಜನ ಅಂಗಡಿಗೆ ಕೆಲಸ ಬಿಟ್ಟ ಶಾನುಭೋಗರೊಬ್ಬರು ವಾರಕ್ಕೊಮ್ಮೆ ಬಂದು ಖಾತೆ ಎತ್ತಿ ಕೊಡುತ್ತಿದ್ದರು. ಅವರಿಗೆ ಸಂದದ್ದು ಕೀರ್ದಿಯಲ್ಲೇ ಕಾಣುತ್ತದೆ: ತಿಂಗಳಿಗೆ ಮೂರು ರೂಪಾಯಿ, ಕೆಲವು ಸಲ ಬರೇ ತೆಂಗಿನಕಾಯಿ, ದೀಪಾವಳಿಯ ಅಂಗಡಿ ಪೂಜೆಗೆ ಒಂದು ಪಂಚೆ. ಅವರು ಬಾರದ ವಾರ ಅಜ್ಜನೇ ಬರೆದದ್ದೂ ಉಂಟು. ಅಕ್ಷರ ವಕ್ರ, ಲೆಕ್ಕ ಸರಿ.

ಮಾರಾಟ ತೆರಿಗೆ ಬರಲಿಲ್ಲವೇ ಅಂತ ಕೇಳಿದರೆ, ಬಂದಿತ್ತು. 1939ರಲ್ಲಿ ರಾಜಾಜಿಯವರ ಸರಕಾರ ಮದ್ರಾಸ್ ಪ್ರಾಂತ್ಯದಲ್ಲಿ ಸಾಮಾನ್ಯ ಮಾರಾಟ ತೆರಿಗೆ ತಂದಾಗ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡಿಗೂ ಅದು ಅನ್ವಯಿಸಿತು. ಆದರೆ ಆ ಕಾಯ್ದೆಯನ್ನು ಸ್ವಲ್ಪ ಗಮನಿಸಿ. ವರ್ಷದ ವಹಿವಾಟು 10,000 ರೂಪಾಯಿಗಿಂತ ಕಡಿಮೆ ಇದ್ದರೆ ತೆರಿಗೆಯೇ ಇಲ್ಲ. 20,000ದ ವರೆಗೆ ತಿಂಗಳಿಗೆ 5 ರೂಪಾಯಿ ಕಟ್ಟಿದರಾಯಿತು. ಅದರ ಮೇಲೆ ಮಾತ್ರ ವಹಿವಾಟಿನ ನೂರಕ್ಕೆ ಅರ್ಧ. ಐದು ರೂಪಾಯಿಯ ಆ ಕಟ್ಟಳೆಯಲ್ಲಿ ಒಂದು ತಿಳಿವಳಿಕೆ ಇದೆ. ಸಣ್ಣವನಿಂದ ಪೈ ಪೈ ಲೆಕ್ಕ ಕೇಳಿದರೆ, ಲೆಕ್ಕದ ಖರ್ಚೇ ತೆರಿಗೆಯನ್ನು ಮೀರುತ್ತದೆ ಅಂತ ಕಾಯ್ದೆ ಬರೆದವರಿಗೆ ಗೊತ್ತಿತ್ತು.

ಈಗ 1957ರ ಪುಸ್ತಕಕ್ಕೆ ಬರುತ್ತೇನೆ. ಪರದೆಯ ಮೇಲೆ ಅದರ ಪುಟ ತೋರಿಸಿದ್ದೇನೆ, ಅಂಚು ಗೆದ್ದಲು ತಿಂದಿದೆ, ಕ್ಷಮಿಸಿ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು. ಹಾಗಾಗಿ ಪುಟದ ಒಂದು ಕಡೆ ರೂಪಾಯಿ, ಆಣೆ, ಪೈ. ಅದನ್ನು ಹೊಡೆದು ಮಗ್ಗುಲಲ್ಲಿ ನಯಾಪೈಸೆ. ಮರುವರ್ಷದಿಂದ ತೂಕವೂ ಬದಲಾಗತೊಡಗಿ, ಖಂಡಿ, ಮಣ, ರಾತಲು ಹೋಗಿ ಕಿಲೋ ಬರುವುದನ್ನು ಮುಂದಿನ ಪುಸ್ತಕಗಳಲ್ಲಿ ನೋಡಬಹುದು. ಇವೆಲ್ಲ ದೇಶಕ್ಕೇ ಬಂದ ಬದಲಾವಣೆಗಳು. ಅಜ್ಜ ಒಂದು ಕೋಷ್ಟಕ ಮಾಡಿ ರಟ್ಟಿನ ಒಳಗೆ ಅಂಟಿಸಿಕೊಂಡು ಸುಧಾರಿಸಿದ್ದಾರೆ.

ಸುಧಾರಿಸಲು ಆಗದೆ ಇದ್ದದ್ದು ಬೇರೆ. ಆ ವರ್ಷದ ಜುಲೈ ನಂತರ ಮಂಗಳೂರಿಗೆ ಕಳಿಸಿದ ಅಡಿಕೆಗೆ ಪ್ರತ್ಯೇಕ ಪುಟ ಶುರುವಾಗುತ್ತದೆ. ಮೇಲೆ ಶಾನುಭೋಗರ ದುಂಡು ಅಕ್ಷರದಲ್ಲಿ ತಲೆಬರಹ: ‘ಹೊರರಾಜ್ಯ’. ಅದೇ ಬಂದರು, ಅದೇ ಮಂಡಿ, ಅದೇ ಲಾರಿ. ಮಾಲು ಹೋದ ದೂರ ಒಂದು ಮೈಲಿಯೂ ಹೆಚ್ಚಲಿಲ್ಲ. ಆದರೆ 1956ರ ಕೇಂದ್ರ ಮಾರಾಟ ತೆರಿಗೆ ಕಾಯ್ದೆಯ ಪ್ರಕಾರ ರಾಜ್ಯದಿಂದ ರಾಜ್ಯಕ್ಕೆ ಮಾರುವುದು ಬೇರೆಯೇ ಒಂದು ವ್ಯಾಪಾರ. ಅದರ ತೆರಿಗೆ 1957ರ ಜುಲೈ 1ರಿಂದ ಜಾರಿ. ರಾಜ್ಯದ ಒಳಗಿನ ಮಾರಾಟಕ್ಕೆ ಇರುವ ಹಾಗೆ ‘ಇಷ್ಟು ವಹಿವಾಟಿನವರೆಗೆ ಬೇಡ’ ಎಂಬ ಮಿತಿ ಇದಕ್ಕೆ ಇಲ್ಲ. ಒಂದು ಗೋಣಿ ಕಳಿಸಿದರೂ ನೋಂದಣಿ. ಕಡಿಮೆ ದರ ಬೇಕಾದರೆ ಕೊಂಡವನಿಂದ ‘ಸಿ’ ಫಾರಂ ತರಿಸಬೇಕು.

ಗಡಿಯ ಇತಿಹಾಸವನ್ನು ನಾವು ಭಾಷೆಯ ಇತಿಹಾಸ ಎಂದಷ್ಟೇ ಓದಿದ್ದೇವೆ. ಶಾಲೆಯಲ್ಲಿ ಕನ್ನಡ ಟೀಚರ್ ಬರಲಿಲ್ಲ ಅಂದರೆ ಸುದ್ದಿಯಾಗುತ್ತದೆ. ಒಬ್ಬ ಅಂಗಡಿಯವನ ಲೆಕ್ಕ ಅವನ ಕೈಯಿಂದ ಹೋದದ್ದು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಫಾರಂ ಇಂಗ್ಲಿಷಿನದು, ಆಫೀಸಿನ ಮಾತು ಮಲಯಾಳ. ಶಾನುಭೋಗರಿಗೆ ಎರಡೂ ಅಷ್ಟಕ್ಕಷ್ಟೆ. 1958ರ ಕೀರ್ದಿಯಲ್ಲಿ ಅವರ ಮೂರು ರೂಪಾಯಿಯ ಕೆಳಗೆ ಇನ್ನೊಂದು ಸಾಲು ಕಾಣಿಸುತ್ತದೆ: ‘ಟೇಕ್ಸಿನವರಿಗೆ 10’. ಜೊತೆಗೆ ಕಾಸರಗೋಡು ಪೇಟೆಗೆ ಹೋಗಿಬಂದ ಬಸ್ಸಿನ ಚಾರ್ಜು, ಹೋಟೆಲಿನ ಊಟ. ಕೆಲವು ವರ್ಷದಲ್ಲಿ ಶಾನುಭೋಗರ ಸಾಲು ನಿಂತೇ ಹೋಗುತ್ತದೆ, ಟೇಕ್ಸಿನವರದ್ದು ನಿಲ್ಲುವುದಿಲ್ಲ. 1963ರಲ್ಲಿ ಕೇರಳದ್ದೇ ಸಾಮಾನ್ಯ ಮಾರಾಟ ತೆರಿಗೆ ಕಾಯ್ದೆ ಬಂತು. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರಕ್ಕೆ ತಮ್ಮ ಭಾಷೆಯಲ್ಲೇ ಬರೆಯಬಹುದು ಎಂಬ ಅವಕಾಶವೂ ಬಂತು. ಅರ್ಜಿಗೆ ಅದು ಆದೀತು. ‘ಸಿ’ ಫಾರಮ್ಮಿಗೆ ಆಗುವುದಿಲ್ಲ, ಅದು ದೆಹಲಿಯ ಕಾಗದ.

ಇಲ್ಲಿಂದ 2017ಕ್ಕೆ ಹಾರುತ್ತೇನೆ, ನಡುವಿನ ವ್ಯಾಟ್ ಕಾಲದ ಪುಸ್ತಕಗಳು ನಮ್ಮಲ್ಲಿ ಉಳಿದಿಲ್ಲ. ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ‘ಒಂದು ದೇಶ ಒಂದು ತೆರಿಗೆ’ ಎಂಬ ಮಾತು ಕೇಳಿ ನಮ್ಮ ಕಡೆಯವರಿಗೆ ನಿಜಕ್ಕೂ ಆಸೆಯಾಯಿತು. ಇನ್ನು ತಲಪಾಡಿ ಬರೇ ಒಂದು ಬಸ್‌ಸ್ಟಾಪು ಅಂತ ಅಪ್ಪ ಹೇಳಿದ್ದು ನೆನಪುಂಟು. ಆದದ್ದು ಏನು? 2019ರ ಏಪ್ರಿಲಿನಿಂದ ಸರಕು ಮಾರುವವರಿಗೆ ಕೇರಳದಲ್ಲೂ ಕರ್ನಾಟಕದಲ್ಲೂ 40 ಲಕ್ಷ ರೂಪಾಯಿ ವಹಿವಾಟಿನ ತನಕ ನೋಂದಣಿ ಬೇಡ. ಅಡಿಕೆ ಕಿಲೋಗೆ 400 ರೂಪಾಯಿ ಅಂತ ಹಿಡಿದರೆ ಅದು 100 ಕ್ವಿಂಟಲ್. ಅಪ್ಪನ ವ್ಯಾಪಾರ ಅಷ್ಟು ಇಲ್ಲ. ಆದರೆ ಕಾಯ್ದೆಯ 24ನೇ ಕಲಮಿನಲ್ಲಿ ಹೊರರಾಜ್ಯಕ್ಕೆ ತೆರಿಗೆ ಇರುವ ಸರಕು ಮಾರುವವನಿಗೆ ಈ ಮಿತಿ ಇಲ್ಲ, ನೋಂದಣಿ ಕಡ್ಡಾಯ. ಒಣ ಅಡಿಕೆಗೆ ತೆರಿಗೆ ನೂರಕ್ಕೆ 5. ಸಣ್ಣವರಿಗಾಗಿಯೇ ಇರುವ ರಾಜಿ ತೆರಿಗೆ ಪದ್ಧತಿ, ಅಂದರೆ ಕಾಂಪೊಸಿಷನ್, ಅದೂ ಹೊರರಾಜ್ಯಕ್ಕೆ ಸರಕು ಮಾರುವವನಿಗೆ ಸಿಗುವುದಿಲ್ಲ.

ಪುತ್ತೂರಿನಿಂದ ಮಂಗಳೂರಿಗೂ ಕಾಸರಗೋಡಿನಿಂದ ಮಂಗಳೂರಿಗೂ ಹೆಚ್ಚುಕಡಿಮೆ ಒಂದೇ ದೂರ, 50 ಕಿಲೋಮೀಟರ್. ಪುತ್ತೂರಿನ ಸಣ್ಣ ಅಡಿಕೆ ವ್ಯಾಪಾರಿ ನೋಂದಣಿ ಇಲ್ಲದೆ ವ್ಯಾಪಾರ ಮಾಡಬಹುದು. ಅಷ್ಟೇ ಅಡಿಕೆ ಕಳಿಸುವ ನಮ್ಮವನಿಗೆ ರಿಟರ್ನು, ಸಾಗಣೆಗೆ ಇ-ವೇ ಬಿಲ್ಲು. 50,000 ರೂಪಾಯಿ ದಾಟಿದರೆ ಅದು ಬೇಕು, ಎಂದರೆ ಸುಮಾರು ಎರಡು ಗೋಣಿ ಅಡಿಕೆ. 1957 ಮತ್ತು 2017, ಅರುವತ್ತು ವರ್ಷದ ಅಂತರದಲ್ಲಿ ಬಂದ ಎರಡು ಕಾಯ್ದೆಗಳು, ಒಂದೇ ನಿಯಮ.

ಅಪ್ಪ ಲೆಕ್ಕ ನೋಡಿಕೊಳ್ಳುವವರಿಗೆ ಕೊಡುವುದು ತಿಂಗಳಿಗೆ 800 ರೂಪಾಯಿ. ಕೇಳಲಿಕ್ಕೆ ದೊಡ್ಡದಲ್ಲ. ವರ್ಷಕ್ಕೆ 9,600. ಕಿಲೋಗೆ ಅಪ್ಪನಿಗೆ ಉಳಿಯುವುದು 4 ರೂಪಾಯಿ ಎಂದಿಟ್ಟುಕೊಳ್ಳಿ, 24 ಕ್ವಿಂಟಲ್ ಅಡಿಕೆಯ ಲಾಭ ಅಲ್ಲಿಗೇ ಹೋಯಿತು. 500 ಕ್ವಿಂಟಲ್ ಮಾರುವವನು ಇದರ ದುಪ್ಪಟ್ಟು ಕೊಟ್ಟರೂ ಅವನಿಗೆ ತಾಗುವುದಿಲ್ಲ. ಲೆಕ್ಕದ ಖರ್ಚಿನ ಗುಣವೇ ಅದು, ಸಣ್ಣವನ ಮೇಲೆ ಭಾರ ಹೆಚ್ಚು. 1939ರವರಿಗೆ ಗೊತ್ತಿದ್ದ ವಿಷಯ.

2019ರ ಮಳೆಗಾಲದಲ್ಲಿ ಅಪ್ಪ ತೋಟದ ಪಾಪಿನಲ್ಲಿ ಜಾರಿ ಕಾಲು ಮುರಿದುಕೊಂಡು ಮಲಗಿದರು. ಜೂನ್, ಜುಲೈ, ಆಗಸ್ಟ್ ಖರೀದಿಯೂ ಇಲ್ಲ, ಮಾರಾಟವೂ ಇಲ್ಲ. ವ್ಯಾಪಾರ ಇಲ್ಲದ ದಿನ ಕೀರ್ದಿ ತೆರೆಯುವುದಿಲ್ಲ, ಇದು ಅಜ್ಜನ ಕಾಲದ ಕ್ರಮ. ಲೆಕ್ಕದವರೂ ನೆನಪಿಸಲಿಲ್ಲ. ನವೆಂಬರಿನಲ್ಲಿ ನೋಡುವಾಗ ಮೂರು ‘ಸೊನ್ನೆ’ ರಿಟರ್ನುಗಳಿಗೆ ದಿನಕ್ಕೆ 20 ರೂಪಾಯಿಯಂತೆ ದಂಡ 5,000 ದಾಟಿತ್ತು. ಕಟ್ಟಿದೆವು. 2020ರ ಜೂನಿನಲ್ಲಿ ಅಂಥ ಹಳೆಯ ಸೊನ್ನೆ ರಿಟರ್ನುಗಳ ದಂಡವನ್ನು ಸರಕಾರ ಮನ್ನಾ ಮಾಡಿತು. ಮೊದಲೇ ಕಟ್ಟಿದವರಿಗೆ ವಾಪಸು ಇಲ್ಲ. ಅಪ್ಪ ಏನೂ ಹೇಳಲಿಲ್ಲ. ಅಮ್ಮ ಮಾತ್ರ, ‘ಏನೂ ಬರೆಯದ್ದಕ್ಕೆ ಇಷ್ಟು, ಬರೆದಿದ್ದರೆ ಎಷ್ಟು ಮಾರಾಯ್ರೆ’ ಅಂದರು.

ಕಳೆದದ್ದು ಹಣ ಒಂದೇ ಅಲ್ಲ ಎಂಬುದಕ್ಕೆ ಅಜ್ಜನ ಪುಸ್ತಕವೇ ಸಾಕ್ಷಿ. ಅದರಲ್ಲಿ ಅಡಿಕೆ ಒಂದಲ್ಲ: ಚಾಲಿ ಹೊಸತು, ಚಾಲಿ ಹಳತು, ಪಟೋರ, ಉಳ್ಳಿ, ಕರಿಗೋಟು. ಒಂದೊಂದಕ್ಕೆ ಒಂದು ದರ, ಮಗ್ಗುಲಲ್ಲಿ ‘ಈ ಸಲ ಮಳೆಗೆ ಸಿಕ್ಕಿದ್ದು’ ಎಂಬಂಥ ಟಿಪ್ಪಣಿ. ಖಾತೆಯ ಪುಟದಲ್ಲಿ ‘ಮಗಳ ಮದುವೆ, ಮುಂದಿನ ಕೊಯ್ಲಿಗೆ’ ಅಂತ ಬಾಕಿಯ ಕಾರಣವೂ ಇದೆ. ಆ ಪುಟ ಓದಿ ಅಜ್ಜ ಯಾರಿಗೆ ಇನ್ನೂ ಕಡ ಕೊಡಬಹುದು ಅಂತ ತೀರ್ಮಾನಿಸುತ್ತಿದ್ದರು. ರಿಟರ್ನಿನಲ್ಲಿ ಈ ಎಲ್ಲ ಅಡಿಕೆಗೂ ಇರುವುದು ಒಂದೇ ಸಂಖ್ಯೆ, 0802. ಅದನ್ನು ಓದಿ ಅಪ್ಪ ಏನನ್ನೂ ತೀರ್ಮಾನಿಸಲಾರರು. ಅದಕ್ಕೇ ಅವರು ಈಗಲೂ ಒಂದು ಉದ್ದ ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬೇರೆ ಲೆಕ್ಕ ಬರೆಯುತ್ತಾರೆ. ಇದರಲ್ಲಿ ಕಳ್ಳಲೆಕ್ಕ ಅಂತ ಏನೂ ಇಲ್ಲ, ಎರಡರ ಮೊತ್ತವೂ ತಾಳೆಯಾಗುತ್ತದೆ. ಒಂದು ಅವರು ಓದಲಿಕ್ಕೆ, ಇನ್ನೊಂದು 800 ರೂಪಾಯಿ ಕೊಟ್ಟು ಬರೆಸಿದ್ದು, ಅವರಿಗೆ ಓದಲು ಬಾರದ್ದು.

ಹೊಸೂರು, ತಾಳವಾಡಿ, ಆದೋನಿ, ರಾಯದುರ್ಗದ ಕಡೆಯ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮ ಮನೆಗಳಲ್ಲೂ 1953, 1956ರ ಆಸುಪಾಸಿನ ಅಂಗಡಿ ಪುಸ್ತಕಗಳು ಇರಬಹುದು. ಗುಜರಿಯವನಿಗೆ ಹಾಕುವ ಮೊದಲು ಒಮ್ಮೆ ತೆರೆದು, ‘ಹೊರರಾಜ್ಯ’ ಎಂಬ ಶಬ್ದ ಯಾವ ತಾರೀಕಿನ ಪುಟದಲ್ಲಿ ಮೊದಲು ಬರುತ್ತದೆ ನೋಡಿ ತಿಳಿಸಿ. ನಮ್ಮ ಹನ್ನೊಂದು ಪುಸ್ತಕಗಳ ಫೋಟೊ ಬೇಕಾದವರಿಗೆ ಕಳಿಸುತ್ತೇನೆ. 1957ರದ್ದು ಮಾತ್ರ ಬಿಡಿಸುವಾಗ ಪುಡಿಯಾಗುತ್ತದೆ, ಸ್ವಲ್ಪ ಸಮಯ ಕೊಡಿ.