ಸಾಲದ ಕಂತಿನಲ್ಲಿ ಓದಿದವರು



ಸಾಲ ಕೊಟ್ಟವನು ಕಂತು ವಸೂಲು ಮಾಡುತ್ತಾನೆ. ವಸೂಲಾದ ಹಣವನ್ನು ಸಾಲಗಾರನ ಮಕ್ಕಳ ಓದಿಗೇ ತಿರುಗಿ ಕೊಡುತ್ತಾನೆ. ಇಂಥ ವ್ಯವಹಾರವನ್ನು ನಮ್ಮ ಯಾವ ಊರಿನ ಸಾಹುಕಾರನ ಲೆಕ್ಕದ ಪುಸ್ತಕದಲ್ಲೂ ನೀವು ಕಂಡಿರಲಾರಿರಿ. ಆದರೆ ಎರಡು ದೇಶಗಳ ನಡುವೆ, ಅದೂ ಶಾಸನದ ಮೂಲಕ, ಇದು ನಡೆದಿದೆ. ಸಾಲ ಕೊಟ್ಟದ್ದು ಅಮೆರಿಕ, ಪಡೆದದ್ದು ಫಿನ್ಲೆಂಡ್.

ಫಿನ್ಲೆಂಡ್ ಯುರೋಪಿನ ಉತ್ತರ ಅಂಚಿನ, ಕಾಡು ಮತ್ತು ಸರೋವರಗಳ ನಾಡು. ಶತಮಾನಗಳ ಕಾಲ ಸ್ವೀಡನ್ನಿನ ಆಳ್ವಿಕೆಯಲ್ಲಿತ್ತು. 1809ರಿಂದ ರಷ್ಯದ ಚಕ್ರವರ್ತಿಗಳಿಗೆ ಸೇರಿತು. 1917ರ ಡಿಸೆಂಬರ್ 6ರಂದು ಸ್ವಾತಂತ್ರ್ಯ ಘೋಷಿಸಿಕೊಂಡ ಮರುವರ್ಷವೇ ಅಲ್ಲಿ ಅಂತರ್ಯುದ್ಧ ನಡೆದುಹೋಯಿತು. ರಷ್ಯದಿಂದ ಬರುತ್ತಿದ್ದ ಧಾನ್ಯ ಮೊದಲೇ ನಿಂತಿತ್ತು. ಬರಗಾಲ ಬಂದಾಗ ಆ ನಾಡಿನ ಜನ ಪೈನ್ ಮರದ ಒಳತೊಗಟೆಯನ್ನು ಪುಡಿಮಾಡಿ ಹಿಟ್ಟಿಗೆ ಬೆರೆಸಿ ರೊಟ್ಟಿ ಸುಡುತ್ತಿದ್ದುದು ಹಳೆಯ ರೂಢಿ. ಆಗಲೂ ಅದೇ ಗತಿಯಾಯಿತು. ಆ ಹೊತ್ತಿನಲ್ಲಿ, 1919ರಲ್ಲಿ, ಅಮೆರಿಕದ ಪರಿಹಾರ ಸಂಸ್ಥೆ ಧಾನ್ಯ ಕಳಿಸಿತು. ಅದರ ಮುಖ್ಯಸ್ಥರು ಹರ್ಬರ್ಟ್ ಹೂವರ್, ಮುಂದೆ ಅಮೆರಿಕದ ಅಧ್ಯಕ್ಷರಾದವರು. ಆ ಧಾನ್ಯ ದಾನವಾಗಿರಲಿಲ್ಲ, ಕಡವಾಗಿತ್ತು.

1923ರಲ್ಲಿ ಲೆಕ್ಕ ಕೂಡಿಸಿ ಒಪ್ಪಂದವಾಯಿತು. ಅಸಲು 90 ಲಕ್ಷ ಡಾಲರ್; ತೀರಿಸಲು 62 ವರ್ಷ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್, ಫ್ರಾನ್ಸ್, ಇಟಲಿಗಳು ಮಾಡಿದ ಸಾಲದ ಮುಂದೆ ಇದು ಚಿಲ್ಲರೆ ಹಣ. 1929ರ ಆರ್ಥಿಕ ಮುಗ್ಗಟ್ಟು ಜಗತ್ತನ್ನೇ ಅಲ್ಲಾಡಿಸಿತು. ಅಧ್ಯಕ್ಷ ಹೂವರ್ 1931ರಲ್ಲಿ ಎಲ್ಲರಿಗೂ ಒಂದು ವರ್ಷದ ವಾಯಿದೆ ಕೊಟ್ಟರು. ವಾಯಿದೆ ಮುಗಿದ ಮೇಲೆ ದೊಡ್ಡ ದೊಡ್ಡ ದೇಶಗಳು ಒಂದೊಂದಾಗಿ ಕೈಯೆತ್ತಿದವು. 1934ರ ಹೊತ್ತಿಗೆ ತನ್ನ ಕಂತನ್ನು ಪೂರ್ತಿಯಾಗಿ ಕಟ್ಟುತ್ತಿದ್ದ ದೇಶ ಫಿನ್ಲೆಂಡ್ ಒಂದೇ. ಅಮೆರಿಕದ ಪತ್ರಿಕೆಗಳು ಇದನ್ನು ಕೊಂಡಾಡಿದವು. ಅಲ್ಲಿಯವರೆಗೆ ಭೂಪಟದಲ್ಲಿ ಫಿನ್ಲೆಂಡನ್ನು ಹುಡುಕಲೂ ಬಾರದಿದ್ದ ಅಮೆರಿಕನ್ ರೈತನಿಗೆ ಅದು ಮಾತು ಉಳಿಸಿಕೊಂಡ ದೇಶವೆಂದು ಗೊತ್ತಾಯಿತು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಹೆಸರು ಗಳಿಸಿದ ಇನ್ನೊಂದು ದೇಶವನ್ನು ನಾನಂತೂ ಕಾಣೆ.

ಎರಡನೆಯ ಮಹಾಯುದ್ಧದಲ್ಲಿ ಫಿನ್ಲೆಂಡ್ ಸೋವಿಯತ್ ಒಕ್ಕೂಟದೊಡನೆ ಎರಡು ಬಾರಿ ಕಾದಾಡಿ ಸೋತಿತು. ಆ ವರ್ಷಗಳಲ್ಲಿ ಅಮೆರಿಕದ ಸಂಸತ್ತು ಕಂತಿಗೆ ಗಡುವು ವಿಸ್ತರಿಸಿಕೊಟ್ಟಿತು. ಯುದ್ಧ ಮುಗಿದಾಗ ಫಿನ್ಲೆಂಡಿನ ಸ್ಥಿತಿ ಹೇಗಿತ್ತು ನೋಡಿ. ಕರೇಲಿಯ ಪ್ರಾಂತದ ಬಹುಭಾಗ ಕೈಬಿಟ್ಟುಹೋಗಿತ್ತು. ಅಲ್ಲಿಂದ ಬಂದ ನಾಲ್ಕು ಲಕ್ಷಕ್ಕೂ ಹೆಚ್ಚು ನಿರಾಶ್ರಿತರಿಗೆ ನೆಲೆ ಕೊಡಬೇಕಿತ್ತು. ಸೋವಿಯತ್ ಒಕ್ಕೂಟಕ್ಕೆ ಹಡಗು, ಯಂತ್ರಗಳ ರೂಪದಲ್ಲಿ ಯುದ್ಧ ಪರಿಹಾರ ಸಲ್ಲಿಸಬೇಕಿತ್ತು. ಅದು ಮುಗಿದದ್ದು 1952ರಲ್ಲಿ. ಅಮೆರಿಕದ ಮಾರ್ಷಲ್ ಯೋಜನೆಯ ನೆರವನ್ನು 1947ರಲ್ಲಿ ಫಿನ್ಲೆಂಡ್ ಬೇಡವೆಂದಿತು. ಬೇಕಾಗಿರಲಿಲ್ಲ ಎಂದಲ್ಲ, ನೆರೆಯ ಬಲಿಷ್ಠನ ಮುನಿಸಿಗೆ ಅಂಜಿ. ಮರುವರ್ಷ ಮಾಸ್ಕೋದೊಡನೆ ಮೈತ್ರಿಯ ಒಪ್ಪಂದವೂ ಆಯಿತು.

ಹೀಗೆ ನೇರ ನೆರವಿನ ಬಾಗಿಲು ಮುಚ್ಚಿದಾಗ ನೆನಪಾದದ್ದು ಹಳೆಯ ಸಾಲ. 1949ರ ಆಗಸ್ಟ್ 24ರಂದು ಅಧ್ಯಕ್ಷ ಟ್ರೂಮನ್ ಒಂದು ಶಾಸನಕ್ಕೆ ಸಹಿ ಹಾಕಿದರು. ಮುಂದೆ ಫಿನ್ಲೆಂಡ್ ಕಟ್ಟುವ ಕಂತುಗಳೆಲ್ಲ ಒಂದು ಪ್ರತ್ಯೇಕ ನಿಧಿಗೆ ಸೇರತಕ್ಕದ್ದು; ಆ ಹಣದಲ್ಲಿ ಫಿನ್ನರು ಅಮೆರಿಕದಲ್ಲಿ ಓದಬೇಕು, ಅಮೆರಿಕನ್ನರು ಫಿನ್ಲೆಂಡಿಗೆ ಹೋಗಿ ಕಲಿಯಬೇಕು, ಕಲಿಸಬೇಕು; ಫಿನ್ಲೆಂಡಿನ ಉನ್ನತ ವಿದ್ಯಾಸಂಸ್ಥೆಗಳಿಗೆ ಅಮೆರಿಕದ ಪುಸ್ತಕಗಳು, ಉಪಕರಣಗಳು ಹೋಗಬೇಕು. ಇದು ಶಾಸನದ ಸಾರ. ವರ್ಷಕ್ಕೆ ಸುಮಾರು ನಾಲ್ಕು ಲಕ್ಷ ಡಾಲರ್ ಹೀಗೆ ಒದಗುತ್ತಿತ್ತು. ಫಿನ್ನರು ಈ ವಿದ್ಯಾರ್ಥಿವೇತನವನ್ನು 'ಆಸ್ಲಾ' ಎಂದು ಕರೆದರು. ಅಮೆರಿಕ, ಫಿನ್ಲೆಂಡ್, ಸಾಲ, ಸಹಾಯಧನ ಎಂಬ ನಾಲ್ಕು ಪದಗಳ ಫಿನ್ನಿಷ್ ಮೊದಲಕ್ಷರಗಳು ಸೇರಿ ಆದ ಹೆಸರು ಅದು. ಸಾಲ ಎಂಬ ಮಾತನ್ನು ಹೆಸರಿನಲ್ಲೇ ಇಟ್ಟುಕೊಂಡರು, ಮುಚ್ಚಿಡಲಿಲ್ಲ. ಜಾಣತನವೂ ಇತ್ತೆನ್ನಿ: ಇದು ಯಾರ ದಾನವೂ ಅಲ್ಲ, ನಾವು ಕಟ್ಟಿದ ಹಣ ಎಂದು ಮಾಸ್ಕೋದ ಮುಂದೆ ತಲೆಯೆತ್ತಿ ಹೇಳಬಹುದಾಗಿತ್ತು.

ಪುಸ್ತಕಗಳ ಮಾತನ್ನು ಸ್ವಲ್ಪ ವಿವರಿಸಬೇಕು. ಯುದ್ಧಕ್ಕೆ ಮುಂಚೆ ಫಿನ್ಲೆಂಡಿನ ವಿದ್ವಾಂಸರಿಗೆ ಹೊರಜಗತ್ತಿನ ಕಿಟಕಿ ಎಂದರೆ ಜರ್ಮನ್ ಭಾಷೆ. ಪ್ರೌಢಪ್ರಬಂಧ ಬರೆಯುವುದಾದರೂ, ಹೊರದೇಶಕ್ಕೆ ಕಲಿಯಲು ಹೋಗುವುದಾದರೂ ಮುಖ ಜರ್ಮನಿಯತ್ತ. ಜರ್ಮನಿ ನೆಲಕಚ್ಚಿದಾಗ ಆ ಕಿಟಕಿ ಮುಚ್ಚಿತು. ಯುದ್ಧದ ವರ್ಷಗಳ ವಿಜ್ಞಾನ ಪತ್ರಿಕೆಗಳು ಗ್ರಂಥಾಲಯಗಳಿಗೆ ಬಂದಿರಲೇ ಇಲ್ಲ. ಕೊಂಡುಕೊಳ್ಳಲು ಡಾಲರ್ ಇರಲಿಲ್ಲ. ಕಂತಿನ ಹಣದಲ್ಲಿ ಬಂದ ಪುಸ್ತಕದ ಪೆಟ್ಟಿಗೆಗಳು ಆ ಕೊರತೆಯನ್ನು ಅಷ್ಟಿಷ್ಟು ತುಂಬಿದವು. ಒಂದೇ ತಲೆಮಾರಿನಲ್ಲಿ ಅಲ್ಲಿನ ವಿದ್ವತ್ತಿನ ಭಾಷೆ ಜರ್ಮನ್‌ನಿಂದ ಇಂಗ್ಲಿಷಿಗೆ ಹೊರಳಿತು. ಇದರಲ್ಲಿ ಗಳಿಕೆಯೂ ಇದೆ, ನಷ್ಟವೂ ಇದೆ. ಅಮೆರಿಕಕ್ಕೆ ಇದು ಬರೀ ಔದಾರ್ಯವಾಗಿತ್ತು ಎಂದು ನಂಬಬೇಕಾಗಿಲ್ಲ. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಗಡಿಯ ಪಕ್ಕದ ದೇಶವೊಂದರ ಪ್ರಾಧ್ಯಾಪಕರು, ಎಂಜಿನಿಯರುಗಳು, ಪತ್ರಕರ್ತರು ತನ್ನನ್ನು ನೋಡಿ ಹೋಗಲಿ ಎಂಬ ಲೆಕ್ಕಾಚಾರ ಇದ್ದೇ ಇತ್ತು.

1952ರಲ್ಲಿ ಫುಲ್‌ಬ್ರೈಟ್ ಒಪ್ಪಂದವೂ ಆಗಿ, ಎರಡು ಯೋಜನೆಗಳು ಜೊತೆಯಾಗಿ ನಡೆದವು. ಕೊನೆಯ ಕಂತಿನ ಗಡುವು 1984. ಆದರೆ 1976ರಲ್ಲೇ ಫಿನ್ಲೆಂಡ್ ಉಳಿದದ್ದನ್ನೆಲ್ಲ ಒಮ್ಮೆಗೇ ಕಟ್ಟಿತು. ಆ ಮೊತ್ತ ವಿನಿಮಯಕ್ಕಾಗಿ ಶಾಶ್ವತ ನಿಧಿಯಾಯಿತು. ಕಂತಿನಿಂದ ಶುರುವಾದ ಆ ಓಡಾಟವನ್ನು ಈಗ ಫುಲ್‌ಬ್ರೈಟ್ ಫಿನ್ಲೆಂಡ್ ಫೌಂಡೇಶನ್ ನಡೆಸುತ್ತಿದೆ.

ನಮಗೂ ಇಂಥದ್ದೊಂದು ಅನುಭವ ಉಂಟು. 1951ರಲ್ಲಿ ಧಾನ್ಯದ ಅಭಾವವಾದಾಗ ಭಾರತ ಅಮೆರಿಕದಿಂದ 19 ಕೋಟಿ ಡಾಲರ್ ಸಾಲ ಪಡೆದು ಗೋಧಿ ತರಿಸಿತು. ಆ ಸಾಲದ ಬಡ್ಡಿಯಲ್ಲಿ 50 ಲಕ್ಷ ಡಾಲರನ್ನು ಪುಸ್ತಕ, ಪ್ರಯೋಗಾಲಯದ ಸಲಕರಣೆ ಮತ್ತು ಅಧ್ಯಾಪಕರ ವಿನಿಮಯಕ್ಕೆ ಬಳಸಬೇಕೆಂದು ಶಾಸನದಲ್ಲೇ ಬರೆದಿದ್ದರು.

ಹಾಗೆಂದು ಫಿನ್ನರಿಗೂ ಅಮೆರಿಕನ್ನರಿಗೂ ಪರಿಚಯ ಡಾಲರಿನಿಂದಲೇ ಆಯಿತೆಂದು ತಿಳಿಯಬೇಡಿ. ಅದಕ್ಕೂ ಮೊದಲೇ ಲಕ್ಷಗಟ್ಟಲೆ ಫಿನ್ನರು ಗಣಿ ಮತ್ತು ಮರಗೆಲಸಕ್ಕಾಗಿ ಮಿಷಿಗನ್, ಮಿನೆಸೋಟ ಪ್ರಾಂತಗಳಿಗೆ ವಲಸೆ ಹೋಗಿದ್ದರು. ಮಿಷಿಗನ್ನಿನ ಹ್ಯಾನ್ಕಾಕ್ ಪಟ್ಟಣದಲ್ಲಿ ಅವರು 1896ರಲ್ಲಿ ಕಟ್ಟಿದ ಕಾಲೇಜು ಒಂದು ಶತಮಾನಕ್ಕೂ ಮೇಲೆ ಬಾಳಿ, 2023ರಲ್ಲಿ ಮುಚ್ಚಿತು. ಇನ್ನು ಕಥೆಗಳ ವಿನಿಮಯ. ಫಿನ್ಲೆಂಡಿನ ಆಂಟಿ ಆರ್ನೆ ಎಂಬ ವಿದ್ವಾಂಸರು 1910ರಲ್ಲಿ ಜನಪದ ಕಥೆಗಳನ್ನು ವರ್ಗಗಳಾಗಿ ವಿಂಗಡಿಸಿ, ಒಂದೊಂದು ವರ್ಗಕ್ಕೂ ಸಂಖ್ಯೆ ಕೊಟ್ಟ ಸೂಚಿಯನ್ನು ಪ್ರಕಟಿಸಿದರು. ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯದ ಸ್ಟಿತ್ ಥಾಮ್ಸನ್ ಅದನ್ನು 1928ರಲ್ಲಿ ಇಂಗ್ಲಿಷಿಗೆ ತಂದು ಹಿಗ್ಗಿಸಿದರು, 1961ರಲ್ಲಿ ಮತ್ತೆ ಪರಿಷ್ಕರಿಸಿದರು. ಅಮೆರಿಕನ್ನರ ಕೆಲಸ, ಅಚ್ಚಾದದ್ದು ಹೆಲ್ಸಿಂಕಿಯ ಮಾಲೆಯಲ್ಲೇ. ಭಾರತದ ಕಥೆಗಳ ವರ್ಗಸೂಚಿ 1960ರಲ್ಲಿ ಹೊರಬಂದದ್ದೂ ಆ ಮಾಲೆಯಲ್ಲೇ.

ಅದರ ಹಿಂದಿನ ವರ್ಷ, 1959ರಲ್ಲಿ, ಮೈಸೂರಿನಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಪಾಠ ಹೇಳಿದ್ದ ಎ. ಕೆ. ರಾಮಾನುಜನ್ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಅದೇ ಇಂಡಿಯಾನಕ್ಕೆ ಹೋದರು. ಓದಿದ್ದು ಭಾಷಾಶಾಸ್ತ್ರ, ಸಂಗ್ರಹಿಸಿದ ಕನ್ನಡದ ಕಥೆಗಳನ್ನು ಬಿಡಲಿಲ್ಲ. ಅವುಗಳಲ್ಲಿ ಒಂದು ಹಂಚಿಯ ಕಥೆ. ಚಿನ್ನದ ಕೂದಲಿನ ಹುಡುಗಿಯೊಬ್ಬಳು ಮಣ್ಣಿನ ಮುಖವಾಡ ತೊಟ್ಟು, ಪರರ ಮನೆಯಲ್ಲಿ ಅಡಿಗೆ ಮಾಡಿಕೊಂಡು ಬದುಕುತ್ತಾಳೆ. ಮುಖದ ಮೇಲಿನ ಆ ಹಂಚಿನಿಂದಲೇ ಅವಳಿಗೆ ಹಂಚಿ ಎಂಬ ಹೆಸರು. ಇವಳು ಕನ್ನಡದ ಸಿಂಡ್ರೆಲಾ ಎಂದು ರಾಮಾನುಜನ್ ಬರೆದರು. ಆರ್ನೆ ಮತ್ತು ಥಾಮ್ಸನ್ನರ ಪಟ್ಟಿಯಲ್ಲಿ ಸಿಂಡ್ರೆಲಾ ವರ್ಗದ ಸಂಖ್ಯೆ 510; ಹಂಚಿ ಕೂತಿರುವುದು ಅಲ್ಲಿಯೇ.