ಕಳೆನಾಶಕಗಳ ಉಳಿಕೆ (ಶಿವಗಂಗೆ ಸೀಮೆಯ ಹೊಲಗಳಲ್ಲಿ)

ಸಿಂಪಡಿಸಿದ ಕಳೆನಾಶಕ ಮಣ್ಣಿನಲ್ಲಿ ಸಕ್ರಿಯವಾಗಿ ನಿಲ್ಲುವ ಕಾಲವೇ ಅದರ ಉಳಿಕೆ. ಹಾಕಿದ ಪ್ರಮಾಣ ಅರ್ಧಕ್ಕಿಳಿಯಲು ಹಿಡಿಯುವ ದಿನಗಳನ್ನು, ಅಂದರೆ ಅರ್ಧಾಯುಷ್ಯವನ್ನು, ಇದಕ್ಕೆ ಅಳತೆಯಾಗಿ ಬಳಸುತ್ತಾರೆ.

ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟದ ಸುತ್ತ ಮಳೆಯಾಶ್ರಿತ ಕೆಂಪು ಮಣ್ಣಿನಲ್ಲಿ ರಾಗಿಯೇ ಮುಖ್ಯ ಬೆಳೆ. ರಾಗಿಯ ನಡುವಿನ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಎಡೆಕುಂಟೆ ಹಾಯಿಸಿ, ಉಳಿದ ಕಳೆ ಕೈಯಲ್ಲಿ ಕೀಳುವುದು ರೂಢಿ. ಕೂಲಿಯಾಳು ದುರ್ಲಭವಾದಂತೆ ಕಳೆನಾಶಕ ಹೊಲಕ್ಕಿಳಿಯಿತು. ಆದರೆ ಅಗಲ ಎಲೆಯ ಕಳೆ ಕೊಲ್ಲುವ 2,4-ಡಿ ಅಕ್ಕಡಿಯ ಅವರೆಯನ್ನೂ ಬಿಡದು.

ಕೈಪಿಡಿಗಳ ಪ್ರಕಾರ 2,4-ಡಿ ಅರ್ಧಾಯುಷ್ಯ ಸುಮಾರು 10 ದಿನ. ಬ್ಯುಟಾಕ್ಲೋರ್‌ಗೆ ಎರಡು ವಾರದ ಆಸುಪಾಸು. ಅಟ್ರಜಿನ್, ಪೆಂಡಿಮೆಥಾಲಿನ್‌ಗೆ ಎರಡು ಮೂರು ತಿಂಗಳು. ಪ್ಯಾರಾಕ್ವಾಟ್ ಜೇಡಿಕಣಕ್ಕೆ ಅಂಟಿ ವರ್ಷಗಟ್ಟಲೆ ಇರುತ್ತದೆ, ಆದರೆ ಅಂಟಿದ್ದು ಬೆಳೆಗೆ ದಕ್ಕದು.

ಈ ಅಂಕಿಗಳಲ್ಲಿ ಬಹಳಷ್ಟು ತಂಪು ದೇಶಗಳ ಮಣ್ಣಿನವು. ಇಲ್ಲಿಗೆ ಹಾಗೆಯೇ ಹೊಂದುವುದಿಲ್ಲ. ಕಳೆನಾಶಕವನ್ನು ಒಡೆಯುವವು ಮುಖ್ಯವಾಗಿ ಸೂಕ್ಷ್ಮಜೀವಿಗಳು. ಬೆಚ್ಚಗಿನ, ಹದವಾದ ನೆಲದಲ್ಲಿ ಅವು ಚುರುಕು. ಮೇಲ್ಮಣ್ಣು ಒಣಗಿದರೆ ಕೆಲಸ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಮುಸುಕಿನ ಜೋಳಕ್ಕೆ ಹೆಕ್ಟೇರಿಗೆ 1 ಕಿಲೋ ಅಟ್ರಜಿನ್ ಹಾಕಿದ್ದು, ಅರ್ಧಾಯುಷ್ಯ 60 ದಿನವೆಂದರೆ, 120 ದಿನಕ್ಕೆ ಕಾಲು ಕಿಲೋ ಉಳಿಯಬೇಕು. ಮಳೆ ಕೈಕೊಟ್ಟ ವರ್ಷ ಅದಕ್ಕಿಂತ ಹೆಚ್ಚೇ ಉಳಿದೀತು. ಹಾಗಾಗಿ ಈ ಸೀಮೆಯಲ್ಲಿ ಎಣಿಸಬೇಕಾದ್ದು ಮಣ್ಣಿನಲ್ಲಿ ಹದವಿದ್ದ ದಿನಗಳನ್ನು. ಮಣ್ಣಿನ ಹುಳಿಯೂ ಲೆಕ್ಕಕ್ಕೆ ಬರುತ್ತದೆ: ಹುಳಿ ಮಣ್ಣಿನಲ್ಲಿ ಅಟ್ರಜಿನ್ ನೀರಿನೊಡನೆ ವರ್ತಿಸಿ, ಕಳೆ ಕೊಲ್ಲದ ಹೈಡ್ರಾಕ್ಸಿಅಟ್ರಜಿನ್ ಆಗುತ್ತದೆ. ರಾಗಿಗೆ ಬಳಸುವ ಬೆನ್ಸಲ್ಫ್ಯುರಾನ್ ಮೀಥೈಲ್‌ನಂಥ ಸಲ್ಫೊನೈಲ್‌ಯೂರಿಯಾಗಳೂ ಹುಳಿಯಲ್ಲಿ ಬೇಗ ಒಡೆಯುತ್ತವೆ. ಉತ್ತರ ಕರ್ನಾಟಕದ ಕ್ಷಾರೀಯ ಎರೆಮಣ್ಣಿನಲ್ಲಿ ಅವು ಹೆಚ್ಚು ಕಾಲ ನಿಲ್ಲುವ ಸಂಭವವಿದೆ.

ಪ್ರಯೋಗಾಲಯವಿಲ್ಲದೆಯೂ ಉಳಿಕೆ ಪತ್ತೆಯಾಗುತ್ತದೆ. ಔಷಧಿ ಹೊಡೆದ ಹೊಲದ ಮೇಲ್ಮಣ್ಣನ್ನೂ ಹೊಡೆಯದ ಬದುವಿನ ಮಣ್ಣನ್ನೂ ಬೇರೆ ಕುಂಡಗಳಲ್ಲಿ ತುಂಬಿ ಸೌತೆ ಬಿತ್ತಬೇಕು. ಅಟ್ರಜಿನ್ ಇದ್ದರೆ ಸಸಿ ಚೆನ್ನಾಗಿಯೇ ಮೇಲೆದ್ದು, ಬೀಜದ ಸತ್ವ ತೀರಿದ ಮೇಲೆ ಹಳೆಯ ಎಲೆಗಳ ಅಂಚು ಹಳದಿಯಾಗಿ ಸುಡುತ್ತದೆ. ಆದ್ದರಿಂದ ಮೊಳಕೆ ನೋಡಿ ತೀರ್ಮಾನಿಸದೆ ಎರಡು ಮೂರು ವಾರ ಕಾಯಬೇಕು.

ಸಾವಯವ ಅಂಶ ಕಡಿಮೆಯಿರುವ ಮರಳುಮಿಶ್ರಿತ ಮಣ್ಣು ಅಟ್ರಜಿನ್ ಹಿಡಿದಿಡದು. ಜೋರು ಮಳೆಗೆ ಅದು ಕೆಳಗಿಳಿಯುತ್ತದೆ. ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ಅರ್ಕಾವತಿಯನ್ನು ಸೇರುವುದರಿಂದ ಇದು ಕಡೆಗಣಿಸುವಂಥದ್ದಲ್ಲ. 2020ರ ಮೇನಲ್ಲಿ ಕೇಂದ್ರ ಸರ್ಕಾರ 27 ಪೀಡೆನಾಶಕಗಳ ನಿಷೇಧಕ್ಕೆ ಹೊರಡಿಸಿದ ಕರಡು ಆದೇಶದಲ್ಲಿ ಅಟ್ರಜಿನ್, 2,4-ಡಿ, ಬ್ಯುಟಾಕ್ಲೋರ್, ಪೆಂಡಿಮೆಥಾಲಿನ್ ನಾಲ್ಕೂ ಸೇರಿದ್ದವು.